ಗೋದಾಮಿನ ಸಭೆಗೆ ಹತ್ತನೇ ಕ್ಲಾಸು ಬಂದದ್ದು

ನಮ್ಮ ಊರಿನಲ್ಲಿ ಮದುವೆ ದಲ್ಲಾಳಿಗಳು ಬಾಳುವುದಿಲ್ಲ. ಮೂರು ವರ್ಷದ ಹಿಂದೆ ಒಬ್ಬ ಬಂದಿದ್ದ, ಕಂಕುಳಲ್ಲಿ ಕೊಡೆ ಸಿಕ್ಕಿಸಿಕೊಂಡು. ಹೆಣ್ಣಿನ ಮನೆಯವರು ಕೊಟ್ಟ ಕಾಫಿ ಕುಡಿದು, "ಹುಡುಗನಿಗೆ ನಿಮ್ಮ ಹುಡುಗಿ ತುಂಬಾ ಮೆಚ್ಚಿಗೆ" ಎಂದ. ಅಲ್ಲಿಗೆ ಅವನ ದನಿ ಹೋಯಿತು. ಹುಡುಗ ದೂರದ ಊರಿನವನು. ಅವನೇ ಬಂದು ಬಾಯಿಬಿಟ್ಟು ಹೇಳುವವರೆಗೆ ಇವನ ಬಾಯಿಂದ ಬರೀ ಗಾಳಿ. ಹನ್ನೊಂದು ದಿನ ನಮ್ಮೂರಲ್ಲೇ ಕೂತಿದ್ದ. ಕೊನೆಗೆ ಹುಡುಗ ಬಂದ, ಅದೇ ಪಡಸಾಲೆಯಲ್ಲಿ ಕೂತ, "ನನಗೆ ಈಗ ಮದುವೆ ಬೇಡ" ಎಂದ. ದಲ್ಲಾಳಿಗೆ ದನಿ ಬಂತು. ಬಂದ ದನಿಯಲ್ಲಿ ಮೊದಲು ಹುಡುಗನನ್ನು ಬೈದ, ಆಮೇಲೆ ನಮ್ಮೂರನ್ನು ಬೈದ, ಕೊಡೆ ಮರೆತು ಹೋದ.

ನಮಗೆ ಇದೆಲ್ಲ ಅಭ್ಯಾಸ. ಒಬ್ಬರು ಹೇಳಿ ಕಳಿಸಿದ ಮಾತನ್ನು ಇನ್ನೊಬ್ಬರಿಗೆ ಮುಟ್ಟಿಸಿದರೆ ಏನೂ ಆಗುವುದಿಲ್ಲ. "ಅಮ್ಮ ಎರಡು ಸೇರು ರಾಗಿ ಬೀಸಿಸಿಕೊಂಡು ಬಾ ಅಂದ್ಲು" ಎಂದರೆ ತೊಂದರೆಯಿಲ್ಲ. "ಅಮ್ಮಂಗೆ ಇವತ್ತು ಬೇಜಾರು" ಎಂದರೆ, ಅಮ್ಮ ಅದನ್ನು ಬಾಯಿಬಿಟ್ಟು ಹೇಳಿರದಿದ್ದರೆ, ಹೇಳಿದವರ ದನಿ ಹೋಯಿತು. ಎಲ್ಲಿ ಹೋಯಿತೋ ಅಲ್ಲೇ, ಆ ಮಾತು ಯಾರದೋ ಅವರೇ ಬಂದು ಆಡಬೇಕು. ಅವರು ಏನು ಹೇಳಿದರೂ ಸರಿ, ನಿಜ ಹೇಳಬೇಕು. ಸುಳ್ಳಿಗೆ ದನಿ ವಾಪಸ್ಸು ಬರುವುದಿಲ್ಲ. ಮಾತು ಬಾರದ ಕೂಸಿನ ಪರವಾಗಿ ತಾಯಿ ಎಷ್ಟು ಬೇಕಾದರೂ ಮಾತಾಡಬಹುದು. ಕೂಸು ಮೊದಲ ಸಲ "ಬೇಡ" ಅಂದ ದಿನಕ್ಕೆ ಆ ಸವಲತ್ತು ಮುಗಿಯಿತು. ಆ ದಿನ ನಮ್ಮಲ್ಲಿ ಕೇರಿಗೆಲ್ಲ ಬೆಲ್ಲ ಹಂಚುತ್ತಾರೆ, ತಾಯಂದಿರು ಸ್ವಲ್ಪ ಅಳುತ್ತಾರೆ.

ಹೊರಗಿನ ಅಧಿಕಾರಿಗಳು ನಮ್ಮೂರಿಗೆ ಬಂದರೆ ಕಾಗದ ಓದಿಬಿಟ್ಟು ಹೋಗುತ್ತಾರೆ. ಓದಿದ್ದಕ್ಕೆ ದನಿ ಹೋಗುವುದಿಲ್ಲ. ಹಿಂದೆ ಒಬ್ಬ ಸಾಹೇಬರು ಕಾಗದ ಮಡಿಸಿಟ್ಟು, "ಸರ್ಕಾರಕ್ಕೆ ನಿಮ್ಮೂರಿನ ಮೇಲೆ ತುಂಬಾ ಅಕ್ಕರೆ" ಎಂದರಂತೆ. ಅವರ ದನಿ ಇನ್ನೂ ಬಂದಿಲ್ಲ ಅಂತ ಸುದ್ದಿ.

ನಾನು ಹೊಂಬಾಳಮ್ಮ. ಹಿಟ್ಟಿನ ಗಿರಣಿ ನಡೆಸುತ್ತೇನೆ, ಅದಕ್ಕೆ ಗಿರಣಿ ಹೊಂಬಾಳಕ್ಕ ಅನ್ನುತ್ತಾರೆ. ಚಿಕ್ಕವಳಿದ್ದಾಗ ಶಾಲೆಗೆ ಹೋದದ್ದು ಮೂರು ವರ್ಷ. ಅಕ್ಷರ ಸರಿಯಾಗಿ ಕೈಗೆ ಬಂದದ್ದು ನಲವತ್ತು ದಾಟಿದ ಮೇಲೆ. ಹೈಸ್ಕೂಲಿನ ಬಿಳಿಗಿರಯ್ಯ ಮೇಷ್ಟ್ರು ರಾಗಿ ಬೀಸಿಸಲು ಬಂದಾಗಲೆಲ್ಲ ತಗಡಿನ ಡಬ್ಬದ ಮೇಲೆ ಸೀಮೆಸುಣ್ಣದಲ್ಲಿ ಬರೆದು ಕಲಿಸಿದರು. "ಗಿರಣಿ ಸದ್ದಲ್ಲಿ ಕಲಿತ ಅಕ್ಷರ ಮರೆಯಲ್ಲ ಹೊಂಬಾಳಕ್ಕ" ಅನ್ನುತ್ತಿದ್ದರು. ಮರೆತಿಲ್ಲ. ನನ್ನ ಜೊತೆ ಇರುವವಳು ಮಗಳ ಮಗಳು, ಕುಮುದ. ಮಗಳು ಅಳಿಯ ದೂರದ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾರೆ, ಕ್ವಾರ್ಟರ್ಸಿನಿಂದ ಕ್ವಾರ್ಟರ್ಸಿಗೆ ಬದಲಾಗುತ್ತಿರುತ್ತಾರೆ. ಆರು ವರ್ಷದ ಹುಡುಗಿಯನ್ನು ನನ್ನ ಹತ್ತಿರ ಬಿಟ್ಟರು. ಈಗ ಅವಳಿಗೆ ಹದಿನೈದು, ಹತ್ತನೇ ಕ್ಲಾಸು.

ಆ ಹತ್ತನೇ ಕ್ಲಾಸಿನದೇ ಗಲಾಟೆ ಎದ್ದದ್ದು.

ನಮ್ಮೂರ ಸಭೆ ಸೇರುವುದು ಹಳೇ ಹತ್ತಿ ಗೋದಾಮಿನಲ್ಲಿ. ಹತ್ತಿ ಹೋಗಿ ಎಷ್ಟೋ ಕಾಲವಾಯಿತು, ಕೂತರೆ ಈಗಲೂ ಸೀನು ಬರುತ್ತದೆ. ಮನೆಗೊಂದು ಚಾಪೆ. ಹದಿನೆಂಟು ತುಂಬದವರಿಗೆ ಚಾಪೆಯಿಲ್ಲ, ಮೆಟ್ಟಿಲು ಹತ್ತುವಂತೆಯೂ ಇಲ್ಲ. ಸಭೆಯಲ್ಲಿ ಆಡಿದ್ದೇ ಮಾತು, ಬರೆದು ತೋರಿಸಿದ್ದನ್ನು ಯಾರೂ ಮಾತೆಂದು ಒಪ್ಪುವುದಿಲ್ಲ. ಚರಂಡಿ, ದೀಪದ ಕಂಬ, ಸಂತೆ ಜಾಗ, ನಾಯಿ ಕಾಟ, ಎಲ್ಲ ಅಲ್ಲೇ ತೀರ್ಮಾನ. ಒಂದೇ ಒಂದು ಸಂಗತಿ ಮಾತ್ರ ಅಲ್ಲಿ ಬರುತ್ತಿರಲಿಲ್ಲ: ಮಕ್ಕಳದು. ಮಕ್ಕಳ ಬಗ್ಗೆ ಬಾಯಿ ತೆರೆದರೆ ಮಕ್ಕಳ ಪರವಾಗಿ ಮಾತು ಬಂದೇಬರುತ್ತದೆ, ದನಿ ಹೋಗುತ್ತದೆ. ಮಕ್ಕಳು ಒಳಗೆ ಬರುವಂತಿಲ್ಲ, ದನಿ ವಾಪಸ್ಸಾಗುವುದಿಲ್ಲ. ಹಾಗಾಗಿ ನಮ್ಮ ಹಿರಿಯರು ಜಾಣರಾಗಿ ಆ ಸಂಗತಿಯನ್ನೇ ಬಿಟ್ಟಿದ್ದರು. ಶಾಲೆ ಇದೆ, ಗಂಟೆ ಹೊಡೆಯುತ್ತದೆ, ಹುಡುಗರು ಹೋಗುತ್ತಾರೆ, ಬರುತ್ತಾರೆ. ಇನ್ನೇನು ಬೇಕು ಅಂತ ನಾನೂ ಅಂದುಕೊಂಡಿದ್ದೆ.

ಆಗಸ್ಟ್ ತಿಂಗಳಲ್ಲಿ ಶಿಕ್ಷಣ ಇಲಾಖೆಯ ಮೇಡಂ ಒಬ್ಬರು ಬಂದರು. ವಿಶಾಲಾಕ್ಷಿ ಅಂತ ಹೆಸರು, ಮೂವತ್ತರ ಒಳಗಿನ ವಯಸ್ಸು, ನಮ್ಮೂರ ರೀತಿ ಯಾರೋ ಚೆನ್ನಾಗಿ ಹೇಳಿ ಕಳಿಸಿದ್ದರು. ನಮಸ್ಕಾರವನ್ನೂ ಕಾಗದ ನೋಡಿಕೊಂಡೇ ಓದಿದರು. ಹದಿನೈದು ಮಕ್ಕಳಿಗಿಂತ ಕಡಿಮೆ ಇರುವ ಹತ್ತನೇ ತರಗತಿಗಳನ್ನು ದಸರಾ ರಜೆಯಿಂದಾಚೆಗೆ ಮುಚ್ಚುವುದು. ಮಕ್ಕಳು ಹದಿನಾಲ್ಕು ಮೈಲಿ ಆಚೆಯ ತಾಲ್ಲೂಕು ಶಾಲೆಗೆ ಬಸ್ಸಿನಲ್ಲಿ ಹೋಗುವುದು. ಊರಿನವರ ತಕರಾರೇನಾದರೂ ಇದ್ದರೆ ಕಾರಣ ಸಮೇತ ಹೇಳುವುದು. ನಮ್ಮ ಹತ್ತನೇ ಕ್ಲಾಸಿನಲ್ಲಿದ್ದವರು ಹದಿಮೂರು ಜನ.

ಸಭೆ ನಡೆಸುವವರು ಪುಟ್ಟಮಾದಪ್ಪನವರು, ಗಂಟಲು ದೊಡ್ಡದು. "ನನಗನ್ನಿಸೋದು ಇಷ್ಟು" ಅಂತ ಶುರು ಮಾಡಿದರು. ನಮ್ಮೂರಲ್ಲಿ ಎಲ್ಲರೂ ಹಾಗೇ ಶುರು ಮಾಡುವುದು. "ನನಗೆ ಇದು ಅವಮಾನ ಅನ್ನಿಸುತ್ತೆ. ಊರು ಅಂದಮೇಲೆ ಒಂದು ಹತ್ತನೇ ಕ್ಲಾಸು ಬೇಡ್ವೇ?" ಅಲ್ಲಿಯವರೆಗೆ ಸರಿಯಿತ್ತು. ಆಮೇಲೆ ಬಿಳಿಗಿರಯ್ಯ ಮೇಷ್ಟ್ರು ಎದ್ದರು. ಅವರಿಗೆ ನಿವೃತ್ತಿಯಾಗಿ ನಾಲ್ಕು ವರ್ಷವಾಗಿತ್ತು. ಅವರ ಜಾಗಕ್ಕೆ ಯಾರೂ ಬರಲಿಲ್ಲ, ಅವರು ಹೋಗುವುದನ್ನು ನಿಲ್ಲಿಸಲಿಲ್ಲ. ಅದೇ ಕೈಚೀಲ, ಅದೇ ಹೊತ್ತು, ಅದೇ ಗಣಿತ. ನಾವೆಲ್ಲ ಅದನ್ನು ಊರಿನ ಪುಣ್ಯ ಅಂತ ಹೇಳಿಕೊಳ್ಳುತ್ತಿದ್ದೆವು. ಅವರು ಕೈಚೀಲ ಚಾಪೆಯ ಮೇಲಿಟ್ಟು, "ನನ್ನ ಮಕ್ಕಳಿಗೆ ಬೇರೆ ಯಾರ ಪಾಠವೂ ಹಿಡಿಸಲ್ಲ" ಎಂದರು. ತುಟಿ ಇನ್ನೂ ಆಡುತ್ತಿತ್ತು, ದನಿ ಇಲ್ಲ.

ಆಮೇಲೆ, ಅವರನ್ನು ಒಬ್ಬರನ್ನೇ ಹಾಗೆ ನಿಲ್ಲಿಸಲು ಆಗಲಿಲ್ಲವೋ ಏನೋ, ದರ್ಜಿ ಗೌಸ್ ಸಾಬರು ಎದ್ದರು. "ನಮ್ಮ ಶಮೀನಾಗೆ ಬಸ್ಸು ಅಂದ್ರೆ ಹೆದರಿಕೆ ಮೇಡಂ." ದನಿ ಹೋಯಿತು. ಹಿಂದೆಯೇ ಇನ್ನೊಬ್ಬ, "ನನ್ನ ಮಗ ಅಷ್ಟು ದೂರ ಹೋದ್ರೆ ಓದೋದೇ ಬಿಡ್ತೀನಿ ಅಂತಾನೆ." ಮಗ ಹಾಗೆ ಅಂದಿರಲಿಲ್ಲ ಅಂತ ಕಾಣುತ್ತದೆ, ಹೋಯಿತು. ಬೆಂಕಿ ಹತ್ತಿದ ಹಾಗೆ ಒಬ್ಬರ ಹಿಂದೆ ಒಬ್ಬರು. ನಾನು ವಿವೇಕಿ ಅಂತ ನನಗೊಂದು ಭ್ರಮೆ ಇದೆ. ಅರವತ್ತೆರಡು ವರ್ಷದಲ್ಲಿ ನನ್ನ ದನಿ ಹೋದದ್ದು ಎರಡೇ ಸಲ. ಆದರೂ ಎದ್ದೆ. "ನಮ್ಮ ಕುಮುದಂಗೆ ಈ ಊರು, ಈ ಗಿರಣಿ ಬಿಟ್ಟು ಎಲ್ಲಿಗೂ ಹೋಗೋ ಮನಸ್ಸೇ ಇಲ್ಲ" ಎಂದೆ. ಗಂಟಲಿನಿಂದ ಯಾರೋ ದಾರ ಎಳೆದುಕೊಂಡ ಹಾಗಾಯಿತು.

ಮೇಡಂ ಸುತ್ತ ನೋಡಿದರು. ಹನ್ನೆರಡು ಜನ ಬಾಯಿ ತೆರೆದು ನಿಂತಿದ್ದೆವು. ಅವರು ಇನ್ನೊಂದು ಕಾಗದ ತೆಗೆದು ಓದಿದರು: "ಹದಿನೈದು ದಿನದ ನಂತರ ಮತ್ತೆ ಬರಲಾಗುವುದು."

ಮಾರನೆಯ ದಿನದಿಂದ ಊರು ಬೇರೆಯೇ ಆಯಿತು. ಗಿರಣಿಯಲ್ಲಿ ನನಗೇನೂ ಅಷ್ಟು ಕಷ್ಟವಿಲ್ಲ, ಅಲ್ಲಿ ಯಾವತ್ತೂ ಕೈಸನ್ನೆಯೇ. ನುಣ್ಣಗೆ ಬೇಕಾದರೆ ಎರಡು ಬೆರಳು ಉಜ್ಜುವುದು, ತರಿ ಬೇಕಾದರೆ ಉಗುರು ತೋರಿಸುವುದು. ಗೌಸ್ ಸಾಬರು ಅಳತೆ ಹೇಳಲಾಗದೆ ಗಿರಾಕಿಯ ತೋಳಿನ ಮೇಲೆಯೇ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದರು. ಪೆಟ್ಟಾದದ್ದು ಪುಟ್ಟಮಾದಪ್ಪನವರಿಗೆ. ದನಿ ಉಳಿದಿತ್ತು, ಎದುರು ಮಾತಾಡುವವರು ಇರಲಿಲ್ಲ. ಅವರ ಜೊತೆ ದಿನಾ ಜಗಳವಾಡುವ ಐದಾರು ಜನರೂ ಆ ಹನ್ನೆರಡರಲ್ಲೇ ಇದ್ದರು. ಐದನೆಯ ದಿನ ಗಿರಣಿಗೆ ಬಂದು ಮೂಟೆಯ ಮೇಲೆ ಕೂತರು.

"ಹೊಂಬಾಳಕ್ಕ, ನಾನು ಹೇಳಿದ್ದಕ್ಕೆಲ್ಲ ಜನ ಸುಮ್ನೆ ತಲೆ ಆಡಿಸ್ತಾರೆ. ನಿದ್ದೆ ಬರ್ತಿಲ್ಲ ನಂಗೆ. ಒಂದು ಸಲ ಬೈಯವ್ವ."

ನಾನು ಡಬ್ಬದ ಮೇಲೆ ಬರೆದೆ: ಹುಡುಗರನ್ನು ಸಭೆಗೆ ಕರಿ.

"ಅದೊಂದು ಬಿಟ್ಟು ಹೇಳು. ಇವತ್ತು ಹುಡುಗರನ್ನ ಕರೆದ್ರೆ ನಾಳೆ ಕರುಗಳನ್ನೂ ಕರೀಬೇಕಾಗುತ್ತೆ."

ನಾನು ಬರೆದೆ: ಕರುಗಳು ನಿನಗಿಂತ ಮೇಲು.

ಅವರು ಓದಿದರು. ಎಷ್ಟೋ ದಿನದ ಮೇಲೆ ಊಟ ಕಂಡವರ ಹಾಗೆ ಮುಖ ಅರಳಿತು. ಏಳುವಾಗ, "ಮೆಟ್ಟಿಲ ಮೇಲೆ ನಿಂತು ಹೇಳಿಹೋಗಲಿ. ಚಾಪೆಗೀಪೆ ಇಲ್ಲ, ಗೊತ್ತಾಯ್ತಾ" ಎಂದರು. ಅಂದೇ ಶಾಲೆಗೆ ಹೇಳಿ ಕಳಿಸಿದರು.

ಅಲ್ಲಿಂದ ಬಂದ ಉತ್ತರ ಯಾರೂ ಅಂದುಕೊಂಡದ್ದಲ್ಲ. ಹದಿಮೂರು ಹುಡುಗರೂ ಒಟ್ಟಿಗೆ ಹೇಳಿದರಂತೆ, ನಾವು ಬರಲ್ಲ.

ಊರಿಗೆ ಸಿಟ್ಟು ಬಂತು. ಹೆತ್ತವರ ದನಿ ಹೋಗಿದೆ, ಇವಕ್ಕೆ ಎರಡು ಮಾತಾಡಲು ಏನು ದಾಡಿ? ಕುಮುದ ಮನೆಯಲ್ಲಿ ನನ್ನ ಕಣ್ಣು ತಪ್ಪಿಸುತ್ತಿದ್ದಳು. ಅನ್ನ ಬಡಿಸುವಾಗಲೂ ಸೌಟು ನೋಡುತ್ತಿದ್ದಳು. ಒಂದು ಬೆಳಿಗ್ಗೆ ತಲೆ ಬಾಚಿಸಿಕೊಳ್ಳುತ್ತಾ, ಬೆನ್ನು ನನ್ನ ಕಡೆಗಿದ್ದಾಗ, "ನಿನ್ನ ದನಿ ಇಲ್ದೆ ಮನೆ ಚೆನ್ನಾಗಿಲ್ಲ ಅಜ್ಜಿ" ಎಂದಳು. ಅಷ್ಟೇ. ಅವಳ ಜಡೆ ನನ್ನ ಕೈಯಲ್ಲಿ ಅರ್ಧಕ್ಕೆ ನಿಂತಿತ್ತು.

ಗುರುವಾರ ಗುರುವಾರ ಶಾಲೆಯ ಬಿಸಿಯೂಟಕ್ಕೆ ಹಿಟ್ಟು ಕೊಡುವುದು ನನ್ನ ಪಾಳಿ. ಆ ಗುರುವಾರ ಹಿಟ್ಟಿನ ಚೀಲ ಅಡುಗೆಮನೆಯಲ್ಲಿ ಇಳಿಸಿ, ಹತ್ತನೇ ಕ್ಲಾಸಿನ ಕಿಟಕಿ ಹಾದು ಬರುತ್ತಿದ್ದೆ. ಮೇಷ್ಟ್ರಿಗೆ ದನಿಯಿಲ್ಲವಲ್ಲ, ಪಾಠ ಹೇಗೆ ನಡೆಯುತ್ತದೆ ಅಂತ ಇಣುಕಿದೆ. ಮೇಷ್ಟ್ರು ಬೋರ್ಡಿನ ಮೇಲೆ ಒಂದು ತ್ರಿಕೋನ ಬರೆಯುತ್ತಿದ್ದರು. ಬಲು ಚೆಂದದ ತ್ರಿಕೋನ. ಮೂರು ಮೂಲೆಗೆ ಮೂರು ಅಕ್ಷರ ಇಟ್ಟರು, ಎರಡು ಹೆಜ್ಜೆ ಹಿಂದೆ ಸರಿದು ನೋಡಿದರು, ಕೈ ಜಾಡಿಸಿಕೊಂಡು ಕುರ್ಚಿಯಲ್ಲಿ ಕೂತರು. ಆಮೇಲೆ ಹದಿಮೂರು ಹುಡುಗರೂ ಎದ್ದು, ಸದ್ದಾಗದ ಹಾಗೆ ಬೆಂಚುಗಳನ್ನು ಎತ್ತಿ ಹಿಂದುಮುಂದಾಗಿ ತಿರುಗಿಸಿದರು. ಹಿಂದಿನ ಗೋಡೆಗೆ ಮಸಿ ಬಳಿದು ಇನ್ನೊಂದು ಬೋರ್ಡು ಮಾಡಿಕೊಂಡಿದ್ದರು. ಅದರ ಮುಂದೆ ಹೋಗಿ ನಿಂತವಳು ನಮ್ಮ ಕುಮುದ. ಮೆಲ್ಲನೆ ದನಿಯಲ್ಲಿ ಲೆಕ್ಕ ಹೇಳಿಕೊಡತೊಡಗಿದಳು. ಮೇಷ್ಟ್ರು ತಮ್ಮ ಮಕ್ಕಳ ಬೆನ್ನುಗಳನ್ನು ನೋಡುತ್ತಾ ಕೂತಿದ್ದರು. ಅವರ ಮನಸ್ಸಿನಲ್ಲಿ ಏನಿತ್ತು ಅಂತ ನಾನು ಹೇಳಬಾರದು.

ನೀರು ಕುಡಿಯಲು ಹೊರಗೆ ಬಂದ ಶಮೀನಾ, ಗೌಸ್ ಸಾಬರ ಮಗಳು, ನನ್ನನ್ನು ಕಂಡು ಎದೆ ಹಿಡಿದುಕೊಂಡಳು.

"ಹೊಂಬಾಳಜ್ಜಿ! ಯಾರಿಗೂ ಹೇಳ್ಬೇಡಿ, ನಿಮ್ಮ ದಮ್ಮಯ್ಯ." ಆಮೇಲೆ ನೆನಪಾಗಿ ನಕ್ಕಳು. "ಅಯ್ಯೋ, ಹೇಳೋಕೆ ಆಗಲ್ವಲ್ಲ ನಿಮಗೆ."

ನಾನು ಕಿಟಕಿಯ ಕಡೆ ಕೈ ತೋರಿಸಿ, ಎಷ್ಟು ದಿನದಿಂದ ಅಂತ ಸನ್ನೆ ಮಾಡಿದೆ.

"ಹೋದ ದೀಪಾವಳಿಯಿಂದ ಅಜ್ಜಿ, ಒಂಬತ್ತನೇ ಕ್ಲಾಸಲ್ಲಿ ಇದ್ದಾಗಿಂದ. ದಿನಾ ಅದೇ ತ್ರಿಕೋನ, ಅದೇ ಪಾಠ. ಮೊದಮೊದಲು ನಾವು ನಕ್ವಿ. ಆಮೇಲೆ ಒಂದಿನ ಅವರು ನನ್ನ ಹೆಸರು ಕೇಳಿದ್ರು. ಬೆಲ್ಲು ಹೊಡೆಯೋಷ್ಟರಲ್ಲಿ ಮೂರು ಸಲ ಕೇಳಿದ್ರು. ಅವತ್ತಿಂದ ನಗೋದು ಬಿಟ್ವಿ."

ಬೆಲ್ಲು ಹೊಡೆಯಲು ಐದು ನಿಮಿಷವಿರುವಾಗ ಹುಡುಗರು ಬೆಂಚುಗಳನ್ನು ಮತ್ತೆ ಮೊದಲಿನ ಹಾಗೆ ಇಟ್ಟು, ತ್ರಿಕೋನಕ್ಕೆ ಮುಖಮಾಡಿ ಕೂತರು. ಎದ್ದು "ನಮಸ್ಕಾರ ಸಾರ್" ಎಂದರು. ನಾನು ಗಿರಣಿಗೆ ಬಂದು ಕೂತೆ. ಅಂದು ಒಬ್ಬರ ಗೋಧಿಗೆ ಇನ್ನೊಬ್ಬರ ಕಡಲೆ ಬೆರೆಸಿಬಿಟ್ಟೆ.

ನಮ್ಮ ತಪ್ಪು ನನಗೆ ಆಗ ಕಂಡಿತು. ಬೇರೆಯವರ ಬಾಯಿಂದ ಮಾತು ಕಸಿಯಬಾರದು ಅಂತ ಇಷ್ಟು ವರ್ಷ ಎಷ್ಟು ಜಾಗ್ರತೆ ಮಾಡಿದೆವು ನಾವು. ಅದೇ ಜಾಗ್ರತೆಯಲ್ಲಿ ಅವರನ್ನು ಕೇಳುವುದನ್ನೂ ಬಿಟ್ಟಿದ್ದೆವು. ಹತ್ತು ತಿಂಗಳು ಹದಿಮೂರು ಹುಡುಗರು ಬೆಂಚು ಎತ್ತಿ ಇಳಿಸಿದ್ದಾರೆ. "ಶಾಲೆಯಲ್ಲಿ ಏನು ನಡೆಯುತ್ತೆ ಮಗ?" ಅಂತ ನಾನು ಒಂದು ದಿನ ಕೇಳಿದವಳಲ್ಲ. ಊಟ ಆಯ್ತಾ ಅಂತ ಮಾತ್ರ ಕೇಳಿದ್ದೇನೆ.

ಸಂಜೆ ಕುಮುದ ಗಿರಣಿಗೆ ಬಂದಳು. ನಾನು ಮಿಷನ್ನು ನಿಲ್ಲಿಸಿ ಡಬ್ಬದ ಮೇಲೆ ಬರೆದೆ: ನೋಡಿದೆ.

ಅವಳು ಚೀಲದ ಸಮೇತ ಕುಸಿದು ಕೂತಳು. "ಶಮೀನಾ ಹೇಳಿದ್ಲು." ಸ್ವಲ್ಪ ಹೊತ್ತು ಹಿಟ್ಟಿನಲ್ಲಿ ಬೆರಳಾಡಿಸಿದಳು. "ಈಗ ಹೇಳಜ್ಜಿ, ನಾನು ಏನು ಮಾಡ್ಲಿ? ಸಭೇಲಿ ಸುಳ್ಳು ಹೇಳಿದ್ರೆ ನಿಮ್ಮ ಯಾರ ದನೀನೂ ಬರಲ್ಲ. ನಿಜ ಹೇಳಿದ್ರೆ, ಪಾಠಾನೇ ನಡೀತಿಲ್ಲ ಅಂತ ಗೊತ್ತಾದ್ರೆ, ಮೇಡಂ ಅವತ್ತೇ ಬೀಗ ಹಾಕಿಸಬಹುದು. ಶಮೀನಾಗೆ ಅವಳಪ್ಪ ಬರೆದು ತೋರಿಸಿಬಿಟ್ಟಿದ್ದಾರೆ, ಬಸ್ಸಾದ್ರೆ ಶಾಲೆ ಸಾಕು ಅಂತ. ಇನ್ನೂ ಮೂರು ಜನ ಹುಡುಗೀರ ಮನೇಲಿ ಹಾಗೇ ಹೇಳಿದ್ದಾರೆ. ಅದಲ್ದೆ, ಇಡೀ ಊರಿನ ಮುಂದೆ ಮೇಷ್ಟ್ರನ್ನ..."

ನನ್ನ ಗಂಟಲಿನಲ್ಲಿ ನೂರು ಮಾತು ಇತ್ತು. ದನಿ ಇದ್ದಿದ್ದರೆ ನಾನು ಒಂದು ಗಂಟೆ ಬುದ್ಧಿ ಹೇಳಿ ಅವಳನ್ನು ಇನ್ನಷ್ಟು ಕಂಗೆಡಿಸುತ್ತಿದ್ದೆ. ಡಬ್ಬದ ಮೇಲೆ ಜಾಗವಿದ್ದದ್ದು ಎರಡು ಸಾಲಿಗೆ. ಬರೆದೆ: ನಿನಗೆ ಏನು ಬೇಕೋ ಅಷ್ಟು ಹೇಳು. ಮಿಕ್ಕಿದ್ದನ್ನು ಅವರವರಿಗೆ ಬಿಡು.

ಅವಳು ಅದನ್ನು ಓದಿದಳು. ಆಮೇಲೆ ಅಂಗೈಯಿಂದ ಒರೆಸಿ, "ಅಕ್ಷರಕ್ಕೆ ಕೊಂಬು ತಪ್ಪಾಗಿ ಬರೀತೀಯ ಅಂತ ಮೇಷ್ಟ್ರು ನಿಂಗೆ ಬೈತಿದ್ರಂತೆ, ಹೌದಾ?" ಎಂದಳು. ನಾನು ಅವಳ ತಲೆಗೆ ಮೊಟಕಿದೆ. ಮಾರನೆಯ ದಿನ ಶಾಲೆಯಿಂದ ಪುಟ್ಟಮಾದಪ್ಪನವರಿಗೆ ಸುದ್ದಿ ಹೋಯಿತು, ಬರುತ್ತೇವೆ ಅಂತ.

ಹದಿನೈದನೆಯ ದಿನ ಗೋದಾಮಿನಲ್ಲಿ ಚಾಪೆ ಹಾಸಲು ಜಾಗ ಸಾಲಲಿಲ್ಲ. ಮೇಡಂ ಕಾಗದ ಹಿಡಿದು ಕೂತಿದ್ದರು. ಬಿಳಿಗಿರಯ್ಯ ಮೇಷ್ಟ್ರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಮುಂದಿನ ಸಾಲಿನಲ್ಲಿದ್ದರು. ಹದಿಮೂರು ಹುಡುಗರು ಮೆಟ್ಟಿಲ ಮೇಲೆ ಸಾಲಾಗಿ ನಿಂತರು. ಕೆಳಗಿನ ಮೆಟ್ಟಿಲಿನವರ ಮಾತು ಒಳಗೆ ಕೇಳುವ ಹಾಗಿರಲಿಲ್ಲ. ಪುಟ್ಟಮಾದಪ್ಪನವರು ಅದನ್ನು ನೋಡಿದರು, ಗೊಣಗಿದರು, ಕಡೆಗೆ ತಾವು ಕೂತಿದ್ದ ಚಾಪೆಯನ್ನೇ ಎಳೆದು ಬಾಗಿಲ ಒಳಗೆ ಹಾಸಿದರು. "ಕೂತ್ಕೊಳ್ರೋ. ನಿಂತ್ಕೊಂಡು ಯಾರು ಯಾವತ್ತು ನಿಜ ಹೇಳಿದ್ದಾರೆ."

ಮೊದಲು ಎದ್ದವಳು ಶಮೀನಾ. "ನನಗೆ ಬಸ್ಸು ಅಂದ್ರೆ ಹೆದರಿಕೆ ಇಲ್ಲ. ಕಿಟಕಿ ಪಕ್ಕ ಸೀಟು ಸಿಕ್ಕಿದ್ರೆ ಇನ್ನೂ ಖುಷಿ. ಹೆದರಿಕೆ ಇರೋದು ನಮ್ಮಪ್ಪ..." ಅಂದವಳು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಬೆರಳ ಸಂದಿಯಿಂದಲೇ, "ಅಪ್ಪನ್ನೇ ಕೇಳಿ" ಎಂದಳು. ಜನ ಗೊಳ್ಳೆಂದು ನಕ್ಕಿತು. ಗೌಸ್ ಸಾಬರು ಕೆಮ್ಮಿದರು, ದನಿ ಬಂದಿತ್ತು. ಗಡ್ಡ ಕೆರೆದುಕೊಂಡು, "ಹೆದರಿಕೆ ನನಗೇ ಕಣ್ರಪ್ಪ" ಎಂದರು. "ಇರೋಳು ಒಬ್ಬಳು. ಬಸ್ಸು ಬರೋದು ಹತ್ತು ನಿಮಿಷ ತಡ ಆದ್ರೆ ನನ್ನ ಕೈಲಿ ಸೂಜಿ ನಿಲ್ಲಲ್ಲ." ಯಾರೂ ನಗಲಿಲ್ಲ.

ಆಮೇಲೆ ಕುಮುದ ಎದ್ದಳು. ಮೇಡಂ ಕಡೆ ನೋಡಲಿಲ್ಲ, ನನ್ನ ಕಡೆಯೂ ನೋಡಲಿಲ್ಲ. ಮೇಷ್ಟ್ರ ಕಡೆ ನೋಡಿದಳು.

"ಸಾರ್, ನನಗೆ ನೀವು ಅಂದ್ರೆ ಇಷ್ಟ. ನಮ್ಮಜ್ಜಿಗೆ ಓದೋದು ಕಲಿಸಿದವರು ನೀವು. ನನಗೆ ಹತ್ತನೇ ಕ್ಲಾಸು ಇಲ್ಲೇ ಬೇಕು. ಆದ್ರೆ ಲೆಕ್ಕಕ್ಕೆ ಬೇರೆಯವರು ಬೇಕು ಸಾರ್. ನನಗೆ ಗೊತ್ತಿರೋದನ್ನ ನಾನು ಇವರಿಗೆ ಹೇಳಿಕೊಡ್ತಿದ್ದೀನಿ. ಆರನೇ ಅಧ್ಯಾಯದಿಂದ ಮುಂದಕ್ಕೆ ನನಗೂ ಗೊತ್ತಿಲ್ಲ."

ಗೋದಾಮಿನಲ್ಲಿ ಸೀನು ಕೂಡ ಇಲ್ಲ. ಮೇಷ್ಟ್ರು ಬಾಯಿ ತೆರೆದರು, ದನಿ ಬರಲಿಲ್ಲ. ಅವರು ಅವತ್ತು ಹೇಳಿದ್ದು "ನನ್ನ ಮಕ್ಕಳಿಗೆ" ಅಂತ, ಒಬ್ಬಳಿಗೆ ಅಂತ ಅಲ್ಲ. ಹುಡುಗರಿಗೆ ಅದು ತಿಳಿಯಿತು. ಒಬ್ಬೊಬ್ಬರೇ ಏಳತೊಡಗಿದರು. ತಮ್ಮ ಮನೆಯವರು ಅವತ್ತು ಆಡಿದ ಮಾತಿಗೆ ಮೊದಲು ತಮ್ಮ ನಿಜ ಹೇಳಿ, ಆಮೇಲೆ ಮೇಷ್ಟ್ರ ಕಡೆ ತಿರುಗುತ್ತಿದ್ದರು. "ನನಗೂ ಬೇರೆಯವರು ಬೇಕು ಸಾರ್." "ನನಗೂ ಸಾರ್." ಒಬ್ಬ ಅಳುತ್ತಾ ಹೇಳಿದ. ಒಬ್ಬ ನೆಲ ನೋಡುತ್ತಾ ಹೇಳಿದ, ಪುಟ್ಟಮಾದಪ್ಪನವರು "ಜೋರಾಗಿ ಹೇಳಪ್ಪ" ಎಂದಾಗ ಇನ್ನೊಮ್ಮೆ ಹೇಳಿದ. ಒಬ್ಬೊಬ್ಬರು ಹೇಳಿದಾಗಲೂ ಅವರವರ ಮನೆಯವರ ಗಂಟಲು ಬಿಟ್ಟುಕೊಳ್ಳುತ್ತಿತ್ತು, ಆದರೆ ಯಾರೂ ಮಾತಾಡಲಿಲ್ಲ. ಎಲ್ಲರ ಕಣ್ಣೂ ಮೇಷ್ಟ್ರ ಮೇಲೆ. ಹದಿಮೂರನೆಯವಳು ಹೇಳಿ ಕೂತಳು. ಮೇಷ್ಟ್ರು ಗಂಟಲು ಸರಿಮಾಡಿಕೊಂಡರು.

"ಬೆಂಚಿನ ಸದ್ದು ನನಗೆ ಕೇಳಿಸುತ್ತೆ" ಎಂದರು.

ಹುಡುಗರು ತಲೆ ಎತ್ತಿದರು.

"ಪ್ರತಿದಿನ ಕೇಳಿಸುತ್ತೆ. ಯಾಕೆ ತಿರುಗಿಸ್ತಿದ್ದಾರೆ ಅನ್ನೋದು ಒಂದೊಂದು ದಿನ ನೆನಪಿರುತ್ತೆ, ಒಂದೊಂದು ದಿನ ಇರಲ್ಲ. ನೆನಪಿದ್ದ ದಿನ ಮನೆಗೆ ಹೋಗಿ, ನಾಳೆ ಹೇಳಿಬಿಡೋಣ ಅನ್ಕೋತೀನಿ. ನಾಳೆ ಹೊತ್ತಿಗೆ ಮರೆತಿರುತ್ತೆ." ಸ್ವಲ್ಪ ನಕ್ಕರು. "ನನಗೆ ಮರೆವು ಮೇಡಂ. ಇದನ್ನ ನಾನೇ ಹೇಳಬೇಕಾಗಿತ್ತು. ನನ್ನ ಬದಲು ಹೇಳೋಕೆ ಈ ಊರಲ್ಲಿ ಯಾರಿಗೆ ತಾನೇ ಆಗುತ್ತೆ?"

ಗೌಸ್ ಸಾಬರು ಅವರಿಗೆ ನೀರು ತಂದುಕೊಟ್ಟರು. ಮೇಡಂ ಕಾಗದಗಳನ್ನು ಒಂದೊಂದಾಗಿ ತಿರುವಿದರು, ಇಂಥದ್ದಕ್ಕೆ ಓದಲು ಏನೂ ಬರೆದುಕೊಂಡು ಬಂದಂತೆ ಕಾಣಲಿಲ್ಲ. ಕಡೆಗೆ ಕಾಗದ ಮಡಿಸಿ ಚೀಲಕ್ಕೆ ಹಾಕಿದರು. ಪುಟ್ಟಮಾದಪ್ಪನವರು ಗಾಬರಿಯಲ್ಲಿ, "ಹುಷಾರು ತಾಯಿ, ನೋಡ್ಕೊಂಡು ಮಾತಾಡಿ" ಎಂದರು.

"ನಾನು ನನ್ನದನ್ನ ಮಾತ್ರ ಹೇಳ್ತೀನಿ" ಎಂದರು ಮೇಡಂ. ದನಿ ಚಿಕ್ಕದು, ಕಾಗದವಿಲ್ಲದೆ ಕೇಳಲು ಚೆನ್ನಾಗಿತ್ತು. "ನಾನು ನೋಡಿದ ಕಡತದಲ್ಲಿ ಇಲ್ಲಿನ ಗಣಿತದ ಹುದ್ದೆ ನಾಲ್ಕು ವರ್ಷದಿಂದ ಖಾಲಿ. ಊರಿನಿಂದ ಒಂದು ಅರ್ಜಿಯೂ ಬಂದಿಲ್ಲ. ಬೇಡವೇನೋ ಅಂತ ನಾನು ಅಂದ್ಕೊಂಡೆ. ಅದು ನನ್ನ ತಪ್ಪು. ಮುಚ್ಚೋ ಕಾಗದಕ್ಕೆ ನಾನು ಸಹಿ ಹಾಕಲ್ಲ. ಹೊಸ ಮೇಷ್ಟ್ರು ಬರೋವರೆಗೆ ನಾನು ಮೇಲಿನವರಿಗೆ ಬರೀತಾನೇ ಇರ್ತೀನಿ. ಬರ್ತಾರೆ ಅಂತ ಮಾತು ಕೊಡೋಕೆ ನನ್ನಿಂದ ಆಗಲ್ಲ. ಬರೀತೀನಿ ಅಂತ ಕೊಡ್ತೀನಿ. ಅಲ್ಲೀವರೆಗೆ ಶನಿವಾರ ಶನಿವಾರ ನಾನೇ ಬಂದು ಲೆಕ್ಕ ಹೇಳಿಕೊಡಬಲ್ಲೆ. ನಾನು ಓದಿರೋದು ಅದನ್ನೇ."

ಅವರ ದನಿ ಹೋಗಲಿಲ್ಲ. ಆಮೇಲೆ ಗೋದಾಮು ಒಡೆದುಹೋಗುವಷ್ಟು ಗಲಾಟೆ. ಹದಿನೈದು ದಿನ ತುಂಬಿಟ್ಟುಕೊಂಡಿದ್ದ ಜನ. ಒಬ್ಬ ಪುಟ್ಟಮಾದಪ್ಪನ ಮೇಲೆ ಚರಂಡಿಯ ಹಳೇ ಜಗಳ ತೆಗೆದ, ಅವರು ಹಿಗ್ಗಿ ಹೀರೇಕಾಯಿಯಾಗಿ ತಿರುಗಿ ಬೈದರು. ಮೇಷ್ಟ್ರು ಹುಡುಗರ ಚಾಪೆಯ ಮೇಲೆ ಹೋಗಿ ಕೂತಿದ್ದರು. ಆರನೇ ಅಧ್ಯಾಯ ಯಾವುದು ಅಂತ ಕೇಳುತ್ತಿದ್ದರು, ಹುಡುಗರು ತೋರಿಸುತ್ತಿದ್ದರು. ನಾನು ಅವರ ಹತ್ತಿರ ಹೋಗಿ ಒಂದು ಮಾತಾಡೋಣ ಅಂತ ಬಾಯಿ ತೆರೆದೆ.

ಗಾಳಿ.

ಮತ್ತೊಮ್ಮೆ ನೋಡಿದೆ. ಇಲ್ಲ. ಹನ್ನೊಂದು ಜನಕ್ಕೆ ಬಂದಿದೆ, ನನಗೊಬ್ಬಳಿಗೆ ಬಂದಿಲ್ಲ. ಪಕ್ಕದವರು ನನ್ನ ಮುಖ ನೋಡಿ ಸುಮ್ಮನಾದರು, ಅವರ ಪಕ್ಕದವರೂ. ಕುಮುದ ಜನರ ನಡುವಿನಿಂದ ನನ್ನನ್ನು ನೋಡಿದಳು. ನನಗೆ ಆಗ ಹೊಳೆಯಿತು. ಅವಳು ಕ್ಲಾಸಿನ ಮಾತು ಹೇಳಿದ್ದಳು, ಮೇಷ್ಟ್ರ ಮಾತು ಹೇಳಿದ್ದಳು. ನಾನು ಅವಳ ಪರವಾಗಿ ಹೇಳಿದ್ದು ಬೇರೆ ಮಾತು, ಊರು ಬಿಡುವ ಮನಸ್ಸಿಲ್ಲ ಅಂತ.

ಅವಳು ಬಂದು ನನ್ನ ಎದುರು ಕೂತಳು, ನನ್ನ ಸೆರಗಿನ ತುದಿ ಹಿಡಿದುಕೊಂಡಳು.

"ಅಜ್ಜಿ, ನನಗೆ ಹೋಗೋ ಮನಸ್ಸಿದೆ" ಎಂದಳು. "ಈಗಲ್ಲ. ಹತ್ತು ಮುಗಿದ ಮೇಲೆ. ನೆಲ ಅಳೆಯೋದು ಕಲೀಬೇಕು, ಸರ್ವೆ ಕೆಲಸ. ಅದಕ್ಕೆ ಬೇರೆ ಕಡೆ ಕಾಲೇಜಿದೆ. ಬಹಳ ದಿನದಿಂದ ಅಂದ್ಕೊಂಡಿದ್ದೀನಿ. ನೀನು ಕೇಳಲಿಲ್ಲ, ನಾನೂ ಹೇಳಲಿಲ್ಲ."

ಗಂಟಲಿನಲ್ಲಿ ಬಿಸಿನೀರು ಇಳಿದ ಹಾಗಾಯಿತು. ದನಿ ಬಂತು. ಬಂದದ್ದು ಗೊತ್ತಾದರೂ ಅದನ್ನು ಏನು ಮಾಡುವುದು ಅಂತ ತಿಳಿಯಲಿಲ್ಲ. ಇಡೀ ಗೋದಾಮು ಕಾಯುತ್ತಿತ್ತು.

"ಎಷ್ಟು ವರ್ಷದ ಓದು?" ಎಂದೆ.

"ಮೂರು."

"ಆಮೇಲೆ?"

"ಗೊತ್ತಿಲ್ಲ ಅಜ್ಜಿ. ನಿಜವಾಗ್ಲೂ ಗೊತ್ತಿಲ್ಲ."

ಪುಟ್ಟಮಾದಪ್ಪನವರು ಬಗ್ಗಿ, "ಹೊಂಬಾಳಕ್ಕನಿಗೆ ಈಗ ತುಂಬಾ..." ಅಂತ ಶುರು ಮಾಡಿ ನಾಲಿಗೆ ಕಚ್ಚಿಕೊಂಡರು. "ನಿಂಗೆ ಏನನ್ನಿಸ್ತಿದೆ ಹೊಂಬಾಳಕ್ಕ? ನೀನೇ ಹೇಳವ್ವ."

"ನನಗೆ ಕಷ್ಟ" ಎಂದೆ, ಎಲ್ಲರಿಗೂ ಕೇಳುವಷ್ಟು ಜೋರಾಗಿ. ಕುಮುದ ತಲೆ ತಗ್ಗಿಸಿದಳು. ನಾನು ಅವಳ ಗಲ್ಲ ಹಿಡಿದು ಎತ್ತಿದೆ. "ಆದ್ರೆ ಪರೀಕ್ಷೆಗೆ ಇನ್ನೂ ಏಳು ತಿಂಗಳು ಇದೆಯಲ್ಲ. ಹೋಗಿ ಬಾ ಅನ್ನೋದನ್ನ ಅಷ್ಟರಲ್ಲಿ ಅಭ್ಯಾಸ ಮಾಡ್ಕೋತೀನಿ."